ಪಂಪಿನ ಸ್ನಾನ

ಮಂಗಳವಾರ, ಹನ್ನೆರಡನೇ ತಾರೀಖು.

ಇವತ್ತು ನನ್ನ ವಾರ್ಡಿನಲ್ಲಿ ಔಷಧಿಯ ಪಂಪೊಂದು ಯಾರ ಅಪ್ಪಣೆಯೂ ಇಲ್ಲದೆ ಸ್ನಾನ ಮಾಡಿತು. ಕಿಟಕಿ ಪಕ್ಕದ ಹಾಸಿಗೆಯ ಮೇಷ್ಟ್ರ ಹೃದಯಕ್ಕೆ ಹನಿಹನಿಯಾಗಿ ಔಷಧಿ ಹರಿಸುವ ಪಂಪು ಅದು. ಅವರ ಹೆಂಡತಿ ನೀರು ತೊಟ್ಟಿಕ್ಕುವ ಬಟ್ಟೆಯಿಂದ, ಕರೆಂಟು ಇರುವಾಗಲೇ, ಅದರ ಬೆನ್ನು ತಿಕ್ಕುತ್ತಿದ್ದರು. ಗೋಡೆಯ ಸ್ವಿಚ್ಚು ಆರಿಸಿದೆ, ಔಷಧಿಯ ನಳಿಕೆ ಬಿಗಿದು ಮುಚ್ಚಿದೆ, ಬೇರೆ ಪಂಪು ಜೋಡಿಸಿದೆ. ಎಲ್ಲಾ ಒಂದೇ ನಿಮಿಷದಲ್ಲಿ. ಈ ಡೈರಿಯಲ್ಲಿ ಜಂಬ ಕೊಚ್ಚಿಕೊಂಡರೆ ಕೇಳುವವರು ಯಾರು?

“ಮನೇಲಿ ಮಿಕ್ಸೀನ ಹೀಗೇ ಒರೆಸ್ತೀನಿ ಸಿಸ್ಟರ್,” ಎಂದರು ಆಕೆ.

“ಮಿಕ್ಸಿ ಕೆಟ್ರೆ ಊಟ ತಡ ಆಗುತ್ತೆ ಅಷ್ಟೇ ಅಮ್ಮಾ. ಇದು ಕೆಟ್ರೆ ಯಜಮಾನ್ರ ಔಷಧಿ ನಿಲ್ಲುತ್ತೆ. ನಾವು ಪ್ಲಗ್ ಕಿತ್ತು, ಕ್ಲೀನ್ ಮಾಡೋ ದ್ರಾವಣಾನ ಬಟ್ಟೆಗೆ ಹಾಕಿ ಒರೆಸ್ತೀವಿ. ಪೂರ್ತಿ ಒಣಗಿದ ಮೇಲೇ ಮತ್ತೆ ಕರೆಂಟು.”

ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ, “ಮದುವೆ ಆದಾಗಿಂದ ನನ್ನನ್ನೂ ಪ್ಲಗ್ ಕೀಳದೇನೇ ತಿಕ್ತಿದಾಳೆ,” ಎಂದರು.

ಆಕೆ ನಗಲಿಲ್ಲ. “ಬಂದಾಗಿಂದ ಸುಮ್ನೆ ನೋಡ್ತಾ ಕೂತಿದೀನಿ. ಎಲ್ಲಾನೂ ಮಿಷನ್ನೇ ಮಾಡುತ್ತೆ. ಇವರಿಗೆ ಅಂತ ನಾನು ಮಾಡೋದು ಏನಿದೆ?”

ಅದಕ್ಕೆ ನಮ್ಮಲ್ಲಿ ನಿಯಮ ಬರೆದಿಲ್ಲ. ಬೆಚ್ಚಗಿನ ನೀರು, ಹೊಸ ಬಟ್ಟೆ ತಂದುಕೊಟ್ಟು ಮೇಷ್ಟ್ರ ಮುಖ ತೋರಿಸಿದೆ. ಆಕೆ ಹಣೆಯಿಂದ ಶುರುಮಾಡಿ ಕಿವಿಯ ಹಿಂದೆಯೂ ಬಿಡದೆ ಒರೆಸಿದರು. ಮೇಷ್ಟ್ರು ತಾವಾಗಿಯೇ ಗದ್ದ ಎತ್ತಿಕೊಟ್ಟರು.