ನೀವು ಸಿಂಕಿಗೆ ಸುರಿದ ಹಾಲಿನ ಬಗ್ಗೆ

ವಿಶ್ವವಿದ್ಯಾಲಯದ ಮಾನ್ಯ ಸುರಕ್ಷತಾಧಿಕಾರಿಗಳೇ,

ಕಳೆದ ಮಂಗಳವಾರ ತಪಾಸಣೆಗೆ ಬಂದ ತಾವು ನಮ್ಮ ಫ್ರಿಜ್ಜಿನಿಂದ ಒಂದು ಕೊಳವೆ ಹಾಲನ್ನು ತೆಗೆದು ಸಿಂಕಿಗೆ ಸುರಿದಿರಿ. 'ಪ್ರಯೋಗಾಲಯದಲ್ಲಿ ಪಾನೀಯ ಪತ್ತೆ' ಎಂದು ವರದಿ ಬರೆದು ಕೆಂಪು ಮೊಹರನ್ನೂ ಒತ್ತಿದಿರಿ. ಅದು ಪಾನೀಯವಲ್ಲ ಸ್ವಾಮಿ. ಜೀವಕೋಶದ ಪೊರೆಯನ್ನು ಒಳಗಿನ ಹಂದರಕ್ಕೆ ಬಿಗಿದು ಕಟ್ಟುವ ಎಜ್ರಿನ್ ಎಂಬ ಪ್ರೋಟೀನ್ ಇದೆ. ಅದನ್ನು ಹುಡುಕಿ ಹಿಡಿಯುವ ಪ್ರತಿಕಾಯ ಆ ಹಾಲಿನಲ್ಲಿತ್ತು. ಪ್ರತಿಕಾಯ ಸಿಕ್ಕಸಿಕ್ಕಲ್ಲಿ ಅಂಟದಿರಲೆಂದು ಹಾಲಿನ ಪುಡಿ ಕದಡಿದ ನೀರಿನಲ್ಲಿ ಬೆರೆಸುತ್ತೇವೆ, ಬಳಸಿದ್ದನ್ನೇ ಎತ್ತಿಟ್ಟು ಮತ್ತೆ ಬಳಸುತ್ತೇವೆ. ಕೊಳವೆಯ ಮೇಲೆ 'ಎಜ್ರಿನ್, ಮೊಲ, ಹಾಲಿನಲ್ಲಿ, ಆರನೇ ಸಲ' ಎಂದು ನಾನೇ ಬರೆದಿದ್ದೆ. ಇಡೀ ತೈನಾನ್ ನಗರದಲ್ಲಿ ಇಂಥ ಹಾಲನ್ನು ಆರನೇ ಸಲ ಕುಡಿಯುವವರನ್ನು ತಾವು ಎಲ್ಲಿ ಕಂಡಿರಿ? ಕೆಡದಿರಲೆಂದು ಅದಕ್ಕೆ ಚಿಟಿಕೆ ವಿಷವನ್ನೂ ಹಾಕಿದ್ದೆವು. ವಿಷವನ್ನು ಸಿಂಕಿಗೆ ಸುರಿಯಬಾರದೆಂಬುದು ತಮ್ಮದೇ ಹನ್ನೊಂದನೇ ನಿಯಮ. ಅದನ್ನು ಬರೆದ ಫಲಕ ಸಿಂಕಿನ ಮೇಲೆಯೇ ಇದೆ.

ಫ್ರಿಜ್ಜಿನ ನೆತ್ತಿಯ ಮೇಲೆ ಹಸಿರು ಪೊಟ್ಟಣದ ಜೋಳದ ತಿಂಡಿಯೂ ಇತ್ತಲ್ಲ? ಯಂತ್ರ ಕೈಕೊಡದಿರಲಿ ಎಂದು ನಾವೆಲ್ಲ ಹರಕೆಯಂತೆ ಇಡುವಂಥದ್ದು. ಅದು ನಿಜಕ್ಕೂ ತಿನ್ನುವ ಪದಾರ್ಥ. ತಾವು ಅದನ್ನೆತ್ತಿ, ಅವಧಿ ಮುಗಿದಿಲ್ಲವಷ್ಟೇ ಎಂದು ತಾರೀಖು ನೋಡಿ, ಜೋಪಾನವಾಗಿ ಅಲ್ಲೇ ಇಟ್ಟಿರಿ.

"ಇದಿಲ್ದಿದ್ರೆ ನಮ್ಮ ಆಫೀಸಿನ ಪ್ರಿಂಟರ್ರೂ ಓಡಲ್ಲ ಅಕ್ಕಾ," ಎಂದಿರಿ.

ನಾನು ನಕ್ಕೆ. ನನ್ನ ಪಕ್ಕದ ಮೇಜಿನ ಸಂಶೋಧನಾ ವಿದ್ಯಾರ್ಥಿನಿ ಚಿಯೆನ್ ರೋ-ಯುನ್ ನಗಲಿಲ್ಲ. ಐದು ವರ್ಷದ ಕೆಲಸದಲ್ಲಿ ಅವಳಿಗೆ ಉಳಿದಿದ್ದು ಒಂದೇ ಪರೀಕ್ಷೆ, ಆ ಕೊಳವೆ ಅದಕ್ಕೆಂದೇ ಕಾದಿತ್ತು. ಆ ಪ್ರತಿಕಾಯ ಕೊಟ್ಟಿದ್ದು ನಮ್ಮ ಪ್ರಾಣಿಗೃಹದ ಒಂದು ಹೆಣ್ಣು ಮೊಲ. ಯಾರು ಬಂದರೂ ಹಿಂಗಾಲು ಬಡಿದು ಸಿಡುಕುತ್ತಿದ್ದುದರಿಂದ ಅದಕ್ಕೆ ಅತ್ತೆ ಎಂದು ಹೆಸರಿಟ್ಟಿದ್ದೆವು. ರೋ-ಯುನ್ ಸೊಪ್ಪು ಹಿಡಿದರೆ ಮಾತ್ರ ಸುಮ್ಮನಿರುತ್ತಿತ್ತು. ಅತ್ತೆ ಸತ್ತು ಎರಡು ಚಳಿಗಾಲವಾಯಿತು. ಬೇರೆ ಮೊಲದ ಪ್ರತಿಕಾಯ ಬೇರೆಯದೇ ಉತ್ತರ ಕೊಡುತ್ತದೆ, ಹಾಗಾಗಿ ಅವಳು ಎಲ್ಲವನ್ನೂ ಮೊದಲಿಂದ ಮಾಡಬೇಕು. ಡಿಸೆಂಬರ್‌ಗೆ ಅವಳ ಅವಧಿಯೇ ಮುಗಿಯುತ್ತದೆ.

"ಅದೇ ಕೊನೇದು ಸರ್," ಎಂದು ಅವಳು ಹೇಳಿದಳು.

"ಹಾಲು ತಾನೇ? ಕೆಳಗಿನ ಅಂಗಡೀಲಿ ಸಿಗುತ್ತೆ ಬಿಡಮ್ಮ," ಎಂದಿರಿ.

ಅಂದಿನಿಂದ ಅವಳು ಆ ಖಾಲಿ ಕೊಳವೆಯನ್ನು ಮೇಜಿನ ಮೇಲಿಟ್ಟುಕೊಂಡು ಕೂತಿದ್ದಾಳೆ.

ಕ್ಷಮಾಪಣೆ ಬೇಡ, ತಾವು ಅದಕ್ಕೂ ಮೊಹರು ಒತ್ತಿಬಿಡುತ್ತೀರಿ. ವಿಳಂಬ ನನ್ನಿಂದಾದದ್ದು, ಈ ಹುಡುಗಿಗೆ ಇನ್ನೊಂದು ವರ್ಷ ಕೊಡಿ ಎಂದು ಕುಲಸಚಿವರಿಗೆ ಸ್ವಂತ ಕೈಯಲ್ಲಿ ಬರೆದುಕೊಡಿ. ಮುಂದಿನ ತಿಂಗಳು ಪ್ರಯೋಗದ ಪ್ರಾಣಿಗಳ ಸ್ಮರಣೆಯ ದಿನವಿದೆ. ಎಲ್ಲರಂತೆ ತಾವೂ ಒಂದು ಕ್ಯಾರೆಟ್ ಹಿಡಿದು ಬನ್ನಿ. ಅವುಗಳ ಸ್ಮಾರಕದ ಕಲ್ಲಿನ ಮುಂದೆ ಮೂರು ಸಲ ಬಾಗಿ, ತಮ್ಮ ವರದಿಯನ್ನು ಅತ್ತೆಗೆ ಗಟ್ಟಿಯಾಗಿ ಓದಿ ಹೇಳಿ. ಕಲ್ಲಿನ ಕೆಳಗಿಂದ ಕಾಲು ಬಡಿದ ಸದ್ದು ಕೇಳಿದರೆ ನಾವು ಹೊಣೆಯಲ್ಲ.

ಇಂತಿ,
ಇಪ್ಪತ್ತೆರಡು ವರ್ಷಗಳಿಂದ ಕೊಳವೆಗಳ ಮೇಲೆ ಹೆಸರು ಬರೆಯುತ್ತಿರುವ, ಇನ್ನು ಮೇಲೆ 'ಕುಡಿಯುವುದಲ್ಲ' ಎಂದೂ ಬರೆಯಬೇಕಾಗಿ ಬಂದಿರುವ
ಲಿಯಾವ್ ಯೂ-ಚಿನ್