ಕೊನೆಯ ಹೆಸರಿನ ಕೆಂಪು ನಕ್ಷತ್ರ

ಕುಣಿಗಲ್
ಫೆಬ್ರುವರಿ 30, 2211

ಮಾನ್ಯ ನಿರಂಜನ ತಲಕಾಡು ಅವರಿಗೆ,

ತಾರೀಖು ನೋಡಿ ನಗಬೇಡಿ. ಕ್ಯಾಲೆಂಡರಿನ ಲೆಕ್ಕವನ್ನು ತಪ್ಪಾಗಿ ಬರೆದವರು ನಿಮ್ಮ ಕಾಲದವರೇ. ಅದನ್ನು ಮುಟ್ಟಿದರೆ ಇನ್ನೇನು ಕೆಡುತ್ತದೋ ಎಂಬ ಭಯಕ್ಕೆ ನಾವು ಈ ದಿನವನ್ನು ರಜೆಯೆಂದು ಒಪ್ಪಿಕೊಂಡಿದ್ದೇವೆ. ನನ್ನ ಕನ್ನಡ ವಿಚಿತ್ರವಾಗಿ ಕಂಡರೆ ಕ್ಷಮಿಸಿ. ಕ್ಷಮೆಯ ಮಾತು ಈ ಪತ್ರದಲ್ಲಿ ಮತ್ತೆ ಬರುವುದಿಲ್ಲ.

ನೀವು ವೆಬ್‌ಸೈಟು, ಆ್ಯಪು ಬರೆಯುವವರು. ನಿಮ್ಮ ಕಸುಬು ಮುಂದೆ ಏನಾಯಿತೆಂದು ಹೇಳುತ್ತೇನೆ. ವೆಬ್‌ಸೈಟಿನ ಮೇಲೆ ಆ್ಯಪು ಕೂತಿತು. ಫೋನುಗಳ ಕಾಲ ಮುಗಿದ ಮೇಲೆ ಆ್ಯಪುಗಳು ಗೋಡೆ, ಮಂಚ, ಹೊಸ್ತಿಲುಗಳೊಳಗೆ ಇಳಿದವು. ಈಗ ನಮ್ಮಲ್ಲಿರುವುದು ಬಾಗಿಲರಿವು. ಒಳಗೆ ಯಾರಿದ್ದಾರೆಂದು ಕೇಳಿದರೆ ಬಾಗಿಲೇ ಅವರ ಪೂರ್ತಿ ಹೆಸರು ಹೇಳುತ್ತದೆ. ಮಕ್ಕಳು ಶಾಲೆ ಮುಟ್ಟಿದರೆಂದು ಅಡುಗೆಮನೆಗೆ ತಿಳಿಸುವುದೂ, ಹಾಲಿನವನು ಬಂದನೆಂದು ಕೂಗುವುದೂ ಅದೇ. ಪ್ರತಿ ತಲೆಮಾರಿನವರೂ ಹಳೆಯದರ ಮೇಲೆ ಹೊಸದನ್ನು ಕಟ್ಟಿದರು, ಕೆಳಗೇನಿದೆಯೆಂದು ಯಾರೂ ನೋಡಲಿಲ್ಲ. ಎಲ್ಲಕ್ಕಿಂತ ಕೆಳಗೆ ನೀವು ಬರೆದ ಒಂದು ಫಾರಂ ಇದೆ. ಅದರಲ್ಲಿ ಮೊದಲ ಹೆಸರಿಗೊಂದು ಖಾನೆ, ಕೊನೆಯ ಹೆಸರಿಗೊಂದು ಖಾನೆ. ಎರಡನೆಯದರ ಪಕ್ಕ ಒಂದು ಕೆಂಪು ನಕ್ಷತ್ರ. ಅದನ್ನು ತುಂಬದೆ ಮುಂದೆ ಹೋಗುವಂತಿಲ್ಲ.

ನಮ್ಮ ವಂಶದ ಹಿರಿಯಳು ದೊಡ್ಡತಾಯಮ್ಮ ಗ್ಯಾಸ್ ಸಿಲಿಂಡರಿನ ಆ್ಯಪಿಗೆ ಹೆಸರು ಸೇರಿಸಲು ಹೋಗಿದ್ದಳು. ಫಾರಂ ತುಂಬುತ್ತಿದ್ದ ಅಂಗಡಿಯವನು ಕೇಳಿದ್ದಕ್ಕೆ, "ಕೊನೆ ಹೆಸ್ರಾ? ನಂಗಿರದೇ ಒಂದು. ಇಲ್ಲ ಅಂತ ಬರ್ಕಳಪ್ಪ" ಎಂದಳು. ಅವನು 'ಇಲ್ಲ' ಎಂದೇ ಒತ್ತಿದ. ನಿಮ್ಮ ಫಾರಂ ಸಂತೋಷದಿಂದ ಒಪ್ಪಿತು. ಮುಂದಿನ ಆ್ಯಪುಗಳೆಲ್ಲ ಅಲ್ಲಿಂದಲೇ ಹೆಸರು ಎತ್ತಿಕೊಂಡವು. ಹೀಗೆ ನಮ್ಮದು 'ಇಲ್ಲ' ಮನೆತನವಾಯಿತು. ಬದಲಿಸಲು ಹೋದವರಿಗೆಲ್ಲ 'ನಿಮ್ಮ ಕೊನೆಯ ಹೆಸರು ಇಲ್ಲ' ಎಂಬ ಉತ್ತರ. ಮದುವೆಮನೆಗಳಲ್ಲಿ ಬೀಗರು ನಕ್ಕರು, ನಾವೂ ನಕ್ಕೆವು.

ನನ್ನ ಅವ್ವ ಹೊಂಬಾಳಮ್ಮ ಆಸ್ಪತ್ರೆಯಲ್ಲಿದ್ದಳು. ವೈದ್ಯರು ಕೈಚೆಲ್ಲಿದ್ದರು. ಮರುದಿನ ಬೆಳಿಗ್ಗೆ ನಾನು ಹೋಗಿ ಒಳಗೆ ಯಾರಿದ್ದಾರೆಂದು ಅವಳ ಕೋಣೆಯ ಬಾಗಿಲನ್ನು ಕೇಳಿದೆ. "ಹೊಂಬಾಳಮ್ಮ ಇಲ್ಲ" ಎಂದಿತು. ಅದು ಹೆಸರೆಂದು ಹೊಳೆಯಬೇಕಿತ್ತು ಎನ್ನುತ್ತೀರಿ. ಅಂಥ ಹೊತ್ತಿನಲ್ಲಿ ಮಗಳಿಗೆ ವ್ಯಾಕರಣ ಹೊಳೆಯುವುದಿಲ್ಲ ಸ್ವಾಮಿ. ಸತ್ತವರನ್ನು ಆಸ್ಪತ್ರೆಯವರೇ ಮನೆಗೆ ತಂದೊಪ್ಪಿಸುವುದು ನಮ್ಮಲ್ಲಿನ ಪದ್ಧತಿ, ಅಲ್ಲಿಯವರೆಗೆ ನೋಡಲು ಬಿಡುವುದಿಲ್ಲ. ನಾನು ಬಾಗಿಲಿನಿಂದಲೇ ತಿರುಗಿ ಮನೆಗೆ ಓಡಿದೆ, ನೆಂಟರಿಗೆ ಹೇಳಿ ಕಳಿಸಿದೆ, ಗುಂಡಿ ತೋಡಿಸಿದೆ. ಅವ್ವ ಒಳಗೆ ಎಚ್ಚರವಾಗಿದ್ದಳು. "ನನ್ ಮಗ್ಳು ಬಂದ್ಲಾ ನೋಡವ್ವ" ಎಂದು ದಾದಿಯನ್ನು ಸಂಜೆಯವರೆಗೂ ಕೇಳುತ್ತಲೇ ಇದ್ದಳಂತೆ. ನಾನು ಅವಳಿಗಾಗಿ ಅತ್ತು ಮುಗಿಸಿದ ಮೇಲೆ ಅವಳು ಸತ್ತಳು.

ಆಮೇಲೆ ಬಾಗಿಲರಿವಿನ ಕಚೇರಿಯಲ್ಲಿ ಕೆಲಸ ಹಿಡಿದು ತಳದವರೆಗೂ ಅಗೆದೆ. ನಕ್ಷತ್ರದ ಪಕ್ಕ ನೀವೇ ಬರೆದಿಟ್ಟ ಟಿಪ್ಪಣಿ ಸಿಕ್ಕಿತು: "ನಮ್ ಕಡೆ ಎಷ್ಟೋ ಜನಕ್ಕೆ ಕೊನೆ ಹೆಸರಿರಲ್ಲ. ಆಮೇಲೆ ನೋಡೋಣ." ಗೊತ್ತಿದ್ದೇ ಮಾಡಿದಿರಿ. ನಿಮಗೂ ಕೊನೆಯ ಹೆಸರಿರಲಿಲ್ಲ. ಇನಿಷಿಯಲ್ಲನ್ನು ಹಿಗ್ಗಿಸಿ ತಲಕಾಡು ಎಂದು ತುಂಬಿ ನೀವು ಪಾರಾದಿರಿ. ಇದನ್ನು ಓದಿದ ದಿನ ನೀವು ಎದುರಿಗಿದ್ದಿದ್ದರೆ ಏನು ಮಾಡುತ್ತಿದ್ದೆನೋ ನನಗೇ ಗೊತ್ತಿಲ್ಲ.

ನಿಮ್ಮ ವಂಶದ ಅಂಬುಜಾಕ್ಷಿ ತಲಕಾಡು ಈಗ ಅದೇ ಆಸ್ಪತ್ರೆಯಲ್ಲಿದ್ದಾರೆ. ಇವತ್ತು ಅವರ ಕೊನೆಯ ಹೆಸರನ್ನು ಅಳಿಸಿ 'ಇಲ್ಲ' ಎಂದು ಬರೆದಿದ್ದೇನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆಯೇ ಎಂದು ಕೇಳುತ್ತೀರಿ. ಹೌದು, ನಮಗೂ ಹಾಗೆಯೇ ಎಳೆದಿರಿ.

ಈ ಪತ್ರ ಹಿಂದಂಚೆಯಲ್ಲಿ ಬರುತ್ತಿದೆ. ಅದು ಕಳೆದ ಕಾಲಕ್ಕೆ ಮಾತನ್ನು ಒಯ್ಯುತ್ತದೆ, ಕೈಯನ್ನು ಒಯ್ಯುವುದಿಲ್ಲ. ಹಾಗಾಗಿ ನಕ್ಷತ್ರವನ್ನು ನೀವೇ ತೆಗೆಯಬೇಕು. ತೆಗೆದರೆ ನಾನು ಅವ್ವನ ಮಂಚದ ಬಳಿ ಕೂತಿರುತ್ತೇನೆ, ಈ ಪತ್ರ ಬರೆಯುವ ಹೆಂಗಸು ಹುಟ್ಟುವುದೇ ಇಲ್ಲ. ಆಮೇಲೆ ನೋಡೋಣ ಎಂದಿರೋ, ನಾಳೆ ಬೆಳಿಗ್ಗೆ ಅಂಬುಜಾಕ್ಷಿಯವರ ಮಗ ಬಂದು ಬಾಗಿಲನ್ನು ಕೇಳುತ್ತಾನೆ. ಅವನು ಬರುತ್ತಾನೆಂದು ಅವರು ಈಗಲೇ ತಲೆ ಬಾಚಿಸಿಕೊಂಡು ಕೂತಿದ್ದಾರೆ.

ಇಂತಿ,
ತೀರ್ಥಲಕ್ಷ್ಮಿ ಇಲ್ಲ