ನಿಮ್ಮ ಗೋಡೆಯ ಮೇಲಿನ ನನ್ನ ಮುಖ

ಮಾನ್ಯ ಕುಲಪತಿಗಳೇ,

ನಿಮ್ಮ ವಿಶ್ವವಿದ್ಯಾಲಯದ ಹೊರಗೋಡೆಯ ಮೇಲೆ, ಬಸ್ ನಿಲ್ದಾಣಕ್ಕೆ ಎದುರಾಗಿ, ಒಬ್ಬ ಹೆಂಗಸಿನ ದೊಡ್ಡ ಫೋಟೋ ಇದೆ. ‘ಕ್ಷಯವನ್ನು ಗೆದ್ದ ಧೀರೆ’ ಎಂದು ಮೇಲೆ ಬರೆಸಿದ್ದೀರಿ. ಕೆಳಗೆ ‘ಲೋಟ ಬೇರೆಯಾದರೂ ಛಲ ಬಿಡಲಿಲ್ಲ’ ಎಂದು ಇನ್ನೊಂದು ಸಾಲು. ಆ ಧೀರೆ ನಾನು. ನನ್ನನ್ನು ಒಂದು ಮಾತು ಕೇಳದೆ ಅಲ್ಲಿ ನಿಲ್ಲಿಸಿದ್ದೀರಿ. ಅದನ್ನು ತೆಗೆಸಿ ಎಂದು ನಿಮ್ಮ ಕಚೇರಿಗೆ ಬರೆದೆ, ಬಂದೆ, ಕಾದೆ. ಯಾವುದಕ್ಕೂ ಉತ್ತರ ಬಾರದ ಕಾರಣ ಈಗ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಮುಖವೇ ಬೀದಿಯಲ್ಲಿರುವಾಗ ಪತ್ರವನ್ನು ಲಕೋಟೆಯಲ್ಲಿ ಮುಚ್ಚಿಡುವುದರಲ್ಲಿ ಅರ್ಥವೇನಿದೆ?

ನಾನು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ಕೆಲವು ವರ್ಷಗಳ ಹಿಂದೆ ನನಗೆ ಶ್ವಾಸಕೋಶದ ಕ್ಷಯವಾಗಿತ್ತು. ಮಾತ್ರೆ ನುಂಗಿದೆ, ವಾಸಿಯಾಯಿತು. ನಿಮ್ಮ ಸಾರ್ವಜನಿಕ ಆರೋಗ್ಯ ವಿಭಾಗದಲ್ಲಿ ನೀತಿಶಾಸ್ತ್ರ ಮತ್ತು ಆರೋಗ್ಯದ ಸಮಾಜಶಾಸ್ತ್ರ ಕಲಿಸುವ ಅಧ್ಯಾಪಕಿ ನನ್ನ ಹಳೆಯ ವಿದ್ಯಾರ್ಥಿನಿ. ಆಕೆ ಕೇಳಿಕೊಂಡಿದ್ದರಿಂದ ಒಂದು ತರಗತಿಗೆ ಹೋದೆ. ಕುರ್ಚಿಗಳನ್ನು ವೃತ್ತದಲ್ಲಿ ಹಾಕಿದ್ದರು. ಆಕೆ ಮೊದಲು ಎಲ್ಲರ ಫೋನನ್ನೂ ಬ್ಯಾಗಿಗೆ ಹಾಕಿಸಿ, “ಇಲ್ಲಿ ಕೇಳಿದ್ದು ಇಲ್ಲೇ ಇರ್ಲಿ” ಎಂದಳು. ಆ ಮಾತನ್ನು ನಂಬಿ ನಾನು ಮನೆಯವರ ಹತ್ತಿರವೂ ಆಡದ ಮಾತುಗಳನ್ನಾಡಿದೆ. ಕಾಯಿಲೆ ಹರಡುವುದಿಲ್ಲ ಎಂದು ವೈದ್ಯರು ಹೇಳಿದ ಮೇಲೂ ನನ್ನ ಅತ್ತಿಗೆ ನನಗೆ ಬೇರೆ ಲೋಟ ಇಡುತ್ತಿದ್ದುದನ್ನು ಹೇಳಿದೆ. ಶಾಲೆಯಲ್ಲಿ ನ್ಯುಮೋನಿಯಾ ಎಂದು ಸುಳ್ಳು ಹೇಳಿ ರಜೆ ಪಡೆದದ್ದನ್ನೂ ಹೇಳಿದೆ. “ಈಗ ನಾಚಿಕೆ ಇಲ್ವಾ ಮೇಡಂ?” ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. “ಖಂಡಿತ ಇಲ್ಲ” ಎಂದೆ. ಹೇಳುವಾಗ ಅದು ನಿಜವೇ ಆಗಿತ್ತು.

ಹೊರಗೆ ಟೀ ಕುಡಿಯುವಾಗ ನಿಮ್ಮ ಪ್ರಚಾರ ವಿಭಾಗದವರೊಬ್ಬರು ಫೋಟೋ ತೆಗೆದರು. ನೆನಪಿಗೆಂದು ತೆಗೆಯುತ್ತಿದ್ದಾರೆ ಅಂದುಕೊಂಡು ನಾನು ಹಲ್ಲು ಬಿಟ್ಟೆ. ಅಧ್ಯಾಪಕಿ ಆ ತರಗತಿಯ ಬಗ್ಗೆ ವಿಭಾಗಕ್ಕೆ ಕೊಟ್ಟ ವರದಿಯಲ್ಲಿ ಲೋಟದ ಮಾತಿತ್ತು, ನನ್ನ ಹೆಸರಿರಲಿಲ್ಲ. ನಿಮ್ಮವರು ವರದಿಯ ಮಾತನ್ನೂ ಫೋಟೋದ ಮುಖವನ್ನೂ ಜೋಡಿಸಿ ಗೋಡೆಗೇರಿಸಿದರು. ರೋಗಿಯ ಒಪ್ಪಿಗೆಯಿಲ್ಲದೆ ಅವರ ಗುಟ್ಟನ್ನು ಹೊರಗೆ ಹಾಕಬಾರದು ಎಂಬುದು ನಿಮ್ಮಲ್ಲಿ ಪರೀಕ್ಷೆಗೆ ಬರುವ ಪ್ರಶ್ನೆಯಂತೆ. ಅದಕ್ಕೆ ಅಂಕಗಳೂ ಇವೆಯಂತೆ. ಉತ್ತರ ಬರೆಯಬೇಕಾದವರು ವಿದ್ಯಾರ್ಥಿಗಳು ಮಾತ್ರ ಎಂಬುದು ನನಗೆ ತಿಳಿದಿರಲಿಲ್ಲ.

ಫೋಟೋವನ್ನು ನಾನು ಮೊದಲು ನೋಡಿದ್ದು ಮಗಳ ಜೊತೆ ಬಸ್ಸಿಗೆ ಕಾಯುತ್ತಿದ್ದಾಗ. ಪಕ್ಕದಲ್ಲಿದ್ದ ಹೆಂಗಸು ಗೋಡೆ ನೋಡಿದರು, ನನ್ನನ್ನು ನೋಡಿದರು, ಮತ್ತೆ ಗೋಡೆ ನೋಡಿದರು.

“ಅದು ನೀವೇ ಅಲ್ವಾ?”

“ಅಲ್ಲ, ನಮ್ಮಕ್ಕ.”

“ಪಾಪ. ಈಗ ಹೇಗಿದಾರೆ?”

“ಚೆನ್ನಾಗಿದಾರೆ.”

ನನಗೆ ಅಕ್ಕನಿಲ್ಲ, ಕುಲಪತಿಗಳೇ. ಬಸ್ಸಿನಲ್ಲಿ ಮಗಳು ಕಿಟಕಿಯ ಕಡೆ ತಿರುಗಿ ಕುಳಿತಳು. ಇಳಿಯುವಾಗ, “ದೊಡ್ಡಮ್ಮನ್ನ ನಂಗೂ ಒಂದ್ಸಲ ತೋರ್ಸಮ್ಮ” ಎಂದಳು. ತಮಾಷೆಗೆಂದೇ ಹೇಳಿದ್ದು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಕಾಯಿಲೆ ಬಂದಾಗ ಆಗದಷ್ಟು ನಾಚಿಕೆ ಅವತ್ತು ಆಯಿತು. ಕಾಯಿಲೆಯ ಬಗ್ಗೆ ಅಲ್ಲ. ನಾಚಿಕೆಯಿಲ್ಲವೆಂದು ನಿಮ್ಮ ತರಗತಿಯ ಮಕ್ಕಳೆದುರು ಅಷ್ಟು ಜೋರಾಗಿ ಹೇಳಿ ಬಂದವಳು, ಹೆತ್ತ ಮಗಳೆದುರೇ ನನ್ನ ಮುಖವನ್ನು ನನ್ನದಲ್ಲವೆಂದೆನಲ್ಲ, ಅದರ ಬಗ್ಗೆ.

ಆಮೇಲಿನದನ್ನು ನೀವು ಊಹಿಸಬಲ್ಲಿರಿ, ಮನಸ್ಸು ಮಾಡಿದರೆ. ಅತ್ತಿಗೆ ಫೋನ್ ಮಾಡಿ, “ನಮ್ಮನೆ ಲೋಟದ ವಿಷ್ಯ ಊರಿಗೆಲ್ಲ ಸಾರಿದ್ಯಲ್ಲ, ಸಮಾಧಾನ ಆಯ್ತಾ?” ಎಂದು ಅತ್ತರು. ನಾನು ಅವರ ಮೇಲೆ ಸೇಡು ತೀರಿಸಿಕೊಂಡೆನೆಂದೇ ಅವರ ನಂಬಿಕೆ. ಮುಖ್ಯೋಪಾಧ್ಯಾಯರು ಕರೆಸಿ, “ನಂಗೇನೂ ಇಲ್ಲ ಮೇಡಂ, ಪೋಷಕರು ಒಂಥರಾ ಆಡ್ತಿದಾರೆ, ಒಂದಷ್ಟು ದಿನ ರಜೆ ಹಾಕ್ಬಿಡಿ” ಎಂದರು. ಹಾಗೆನ್ನುತ್ತಲೇ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡರು. ನಾನು ರಜೆ ಹಾಕಿದೆ. ತಿರುಗಿ ಬಂದಾಗ ಕೆಲವು ಮಕ್ಕಳು ಬೇರೆ ವಿಭಾಗಕ್ಕೆ ಹೋಗಿದ್ದರು. ಉಳಿದವರು ಮುಂದಿನ ಬೆಂಚು ಬಿಟ್ಟು ಕುಳಿತಿದ್ದರು.

ನಿಮ್ಮ ಪ್ರಚಾರಾಧಿಕಾರಿಯನ್ನೂ ಕಂಡೆ. ತಂಪಾದ ಕೋಣೆ, ಒಳ್ಳೆಯ ಮಾತು. “ಕ್ಲಾಸಲ್ಲಿ ನೀವೇ ಹೇಳಿದೀರಂತಲ್ಲ, ನಾಚಿಕೆ ಪಡೋಂಥದ್ದೇನಿಲ್ಲ ಅಂತ?”

“ಹೇಳಿದ್ದೆ.”

“ಮತ್ತೆ ಈಗ್ಯಾಕೆ ನಾಚ್ಕೆ? ಜನಕ್ಕೆ ಎಷ್ಟು ಸ್ಫೂರ್ತಿ ಗೊತ್ತಾ ಮೇಡಂ!”

ನಾನು ಎದ್ದು ಬಂದೆ. ಮನೆ ಸೇರಿದ ಮೇಲೆ ಉತ್ತರ ಹೊಳೆಯಿತು. ನಾನಾಗಿ ಹೇಳುವುದು ಬೇರೆ, ನನ್ನ ಪರವಾಗಿ ನೀವು ಕೂಗುವುದು ಬೇರೆ. ಯಾರಿಗೆ ಹೇಳಬೇಕು, ಯಾವಾಗ, ಎಷ್ಟು ಎಂಬುದಷ್ಟೇ ಆ ಕಾಯಿಲೆ ನನಗೆ ಉಳಿಸಿಹೋದ ಅಧಿಕಾರವಾಗಿತ್ತು. ಅದನ್ನೂ ಸ್ಫೂರ್ತಿಯ ಲೆಕ್ಕಕ್ಕೆ ಬರೆದುಕೊಂಡಿರಾ? ಅಷ್ಟಕ್ಕೂ ಸ್ಫೂರ್ತಿ ಬೇಕಿದ್ದರೆ ನಿಮ್ಮದೇ ಹಳೆಯ ಕಾಯಿಲೆಯೊಂದರ ಜೊತೆ ನಿಮ್ಮದೇ ಫೋಟೋ ಹಾಕಿಸಬಹುದಿತ್ತಲ್ಲ? ಗೋಡೆ ಸಾಕಷ್ಟು ಅಗಲವಾಗಿದೆ.

ಅಧ್ಯಾಪಕಿ ಮನೆಗೆ ಬಂದಿದ್ದಳು. ಕೊಟ್ಟ ನೀರನ್ನೂ ಕುಡಿಯದೆ ಕುಳಿತಿದ್ದಳು. “ಮಿಸ್, ಫೋಟೋ ಇಳಿಸಿ ಅಂತ ಮೀಟಿಂಗಲ್ಲಿ ಜಗಳ ಆಡ್ದೆ. ಯಾರೂ ಕೇಳ್ಲಿಲ್ಲ. ನಿಮ್ಮನ್ನ ಅಲ್ಲಿಗೆ ಕರ್ಕೊಂಡು ಹೋದೋಳು ನಾನೇ ಅಲ್ವಾ” ಎಂದು ತಲೆ ತಗ್ಗಿಸಿದಳು. ಆ ಜಗಳದ ಫಲವೂ ಸಿಕ್ಕಿದೆ. ಬರುವ ವರ್ಷದಿಂದ ಆಕೆಯ ಪಾಠ ಕಡ್ಡಾಯವಲ್ಲವಂತೆ. ಆ ಜಾಗದಲ್ಲಿ ‘ಪ್ರಚಾರ ಕೌಶಲ’ ಕಲಿಸುತ್ತೀರಂತೆ. ಕಲಿಸಿ. ನಿಮ್ಮಲ್ಲಿ ಅನುಭವಸ್ಥರಿದ್ದಾರೆ.

ಇಷ್ಟೇ ಆಗಿದ್ದರೆ ನಾನು ಕಾಲ ಕಳೆದಂತೆ ಸುಮ್ಮನಾಗುತ್ತಿದ್ದೆನೇನೋ. ಮೊನ್ನೆ ಶಾಲೆಯ ಗೇಟಿನ ಹತ್ತಿರ ನನ್ನ ತರಗತಿಯ ಹುಡುಗಿಯೊಬ್ಬಳ ತಾಯಿ ಕಾಯುತ್ತಿದ್ದಳು. “ಮೇಡಂ, ಅದು ನೀವಲ್ಲ ಅಂತೀರಂತೆ, ನಾನೇನೂ ಕೇಳಲ್ಲ ಬಿಡಿ” ಎಂದು ಶುರುಮಾಡಿದಳು. “ನಮ್ಮನೆಯವ್ರಿಗೆ ಕೆಮ್ಮು ನಿಲ್ತಾನೇ ಇಲ್ಲ. ರಕ್ತಾನೂ ಬಂತು. ಆಸ್ಪತ್ರೆಗೆ ನಡೀರಿ ಅಂದ್ರೆ, ಹೋದ್ರೆ ಆ ಮೇಡಂ ಥರ ಗೋಡೆಗೆ ಹಾಕ್ತಾರೆ ಅಂತ ಗೋಡೆ ಕಡೆ ತಿರುಗಿ ಮಲಗ್ತಾರೆ.”

“ಅದು ನಾನೇ” ಎಂದೆ. ನಿಮ್ಮ ವಿಶ್ವವಿದ್ಯಾಲಯದ ಹೊರಗೆ ನಾನು ಹಾಗೆ ಹೇಳಿದ್ದು ಅದೇ ಮೊದಲು. ಅವಳ ಜೊತೆ ಮನೆಗೆ ಹೋದೆ. ಆತ ಬಣ್ಣ ಬಳಿಯುವ ಕೆಲಸದವನು. ಹೊದಿಕೆಯೊಳಗಿಂದಲೇ, “ಗೋಡೆಗೆ ಹಾಕಲ್ಲ ಅಂತ ನೀವು ಗ್ಯಾರಂಟಿ ಕೊಡ್ತೀರಾ?” ಎಂದು ಕೇಳಿದ. ಕೊಡಲಾಗಲಿಲ್ಲ. “ಜೊತೆಗೆ ಬರ್ತೀನಿ” ಎಂದೆ. ಹೊದಿಕೆ ಸರಿಸಿ ಎದ್ದು ಅಂಗಿ ಹಾಕಿಕೊಂಡ.

ಆಸ್ಪತ್ರೆಯ ಸಾಲಿನಲ್ಲಿ ಜನ ನನ್ನ ಗುರುತು ಹಿಡಿದರು. ನಾನು ಸೆರಗನ್ನು ಮುಖಕ್ಕೆ ಎಳೆದುಕೊಳ್ಳಲಿಲ್ಲ, ಆದರೆ ಎಳೆದುಕೊಳ್ಳಬೇಕೆನ್ನಿಸಿದ್ದು ನಿಜ. ಒಳಗೆ ವೈದ್ಯೆ, “ಒಂದು ಫೋಟೋ ತೆಗೀಬೇಕು” ಎಂದರು. ಎಕ್ಸ್‌ರೇಯನ್ನು ಸರಳವಾಗಿ ಹೇಳಲು ಹೋಗಿದ್ದರು, ಪಾಪ. ಆತ ದಡಕ್ಕನೆ ಎದ್ದು ಬಾಗಿಲ ಕಡೆ ಹೊರಟ. ಹೆಂಡತಿ ತೋಳು ಹಿಡಿದು ನಿಲ್ಲಿಸಿ ವಿವರಿಸಿದ ಮೇಲೆ ತಿರುಗಿ, “ಎದೇದು ತೆಗೀರಿ ಡಾಕ್ಟ್ರೇ, ಮುಖದ್ದು ಬೇಡ” ಎಂದು ಬೇಡಿಕೊಂಡ. ವೈದ್ಯೆ ನಕ್ಕರು. ನಾವಿಬ್ಬರು ಹೆಂಗಸರು ನಗಲಿಲ್ಲ.

ಕ್ಷಯವೇ ಆಗಿತ್ತು. ಈಗ ಔಷಧಿ ನಡೆಯುತ್ತಿದೆ, ಆತ ಚೇತರಿಸಿಕೊಳ್ಳುತ್ತಾನೆ. ಆತನಂತೆ ಹೊದಿಕೆಯೊಳಗೆ ಮಲಗಿರುವವರು ಇನ್ನೆಷ್ಟು ಮಂದಿಯೋ, ಅವರ ಮನೆಗಳಿಗೆ ಹೋಗುವವರು ಯಾರೋ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಇವತ್ತೇ ಆ ಫೋಟೋ ಇಳಿಸಿ. ಅಧ್ಯಾಪಕಿಯ ಪಾಠವನ್ನು ಮೊದಲಿನಂತೆ ಕಡ್ಡಾಯವಾಗಿಯೇ ಉಳಿಸಿ. ನಿಮ್ಮ ಪ್ರಚಾರಾಧಿಕಾರಿಯನ್ನು ಅದಕ್ಕೆ ಸೇರಿಸಿ, ಪಕ್ಕದ ಕುರ್ಚಿಯಲ್ಲಿ ನೀವೂ ಕುಳಿತುಕೊಳ್ಳಿ. ಆಮೇಲೆ ಆ ಬಣ್ಣದ ಕೆಲಸದವನು ಕೇಳಿದ ಗ್ಯಾರಂಟಿಯನ್ನು ನಿಮ್ಮ ಸಹಿ ಹಾಕಿ ಕೊಡಿ. ನನ್ನ ಕೈಲಿ ಕೊಡಲಾಗಲಿಲ್ಲ.

ಇಂತಿ,
ಗಣಿತದ ಮೇಡಂ.
ಮುಖ ಹೇಗೂ ಊರಿನದಾಯಿತು. ಹೆಸರನ್ನಾದರೂ ನನ್ನ ಹತ್ತಿರ ಇಟ್ಟುಕೊಂಡಿರುತ್ತೇನೆ.